ಕೊನೆಯ ಸಿಲಿಂಡರಿನಿಂದ ಹೊರಡುವ ಅಂದಾನೆಪ್ಪ

ಅಂದಾನೆಪ್ಪನವರು ಯಾವ ಹೊಲಕ್ಕೂ ಬೋರ್‌ವೆಲ್ಲಿನ ಕಡೆಯಿಂದ ಕಾಲಿಡುವವರಲ್ಲ. ಮೋಟಾರು, ಫಿಲ್ಟರು ಎಲ್ಲವೂ ದಾರಿಯ ಪಕ್ಕದಲ್ಲೇ ಇದ್ದರೂ, ಹೊಲದ ಯಜಮಾನ ಅಲ್ಲಿಯೇ ನಿಂತು ಕೈಬೀಸಿ ಕರೆಯುತ್ತಿದ್ದರೂ, ಅವರು ಬದುವಿನ ಗುಂಟ ನೆಟ್ಟಗೆ ನಡೆದು, ನೀರು ಕಟ್ಟಕಡೆಗೆ ಮುಟ್ಟಬೇಕಾದ ಮೂಲೆಯ ಗಿಡದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಅಲ್ಲಿಂದ ಹಿಂದಕ್ಕೆ ನೋಡುತ್ತಾರೆ. ಐರಣಿಯ ಈ ಅರವತ್ತೆರಡರ ಮನುಷ್ಯ ಮೂವತ್ತು ವರ್ಷಗಳಿಂದ ರಾಣೆಬೆನ್ನೂರು, ಬ್ಯಾಡಗಿ ಸುತ್ತಿನ ಹೊಲಗಳಿಗೆ ಹನಿ ನೀರಾವರಿಯ ಪೈಪು ಹಾಕುತ್ತ ಬಂದವರು. ಅವರ ಒಂದೊಂದು ಹೆಜ್ಜೆಯೂ ಎರಡೂವರೆ ಅಡಿ. ಹರೆಯದಲ್ಲಿ ಟೇಪು ಹಿಡಿದು ಪಳಗಿಸಿಕೊಂಡದ್ದಂತೆ. ನಡೆಯುವಾಗ ಮಾತಾಡಿಸಿದರೆ ಬದುವಿನ ಕಲ್ಲು ಮುಟ್ಟಿ ಎಣಿಕೆ ಮುಗಿಯುವವರೆಗೆ ಉತ್ತರ ಬರುವುದಿಲ್ಲ. ತೋಳಿಲ್ಲದ ಖಾಕಿ ಕೋಟಿನ ಎಡಜೇಬಿನಲ್ಲಿ ಒತ್ತಡ ಅಳೆಯುವ ಹಿತ್ತಾಳೆಯ ಮೀಟರು ಸದಾ ಇರುವುದರಿಂದ ಕೋಟು ಎಡಕ್ಕೆ ಜೋತುಬಿದ್ದು, ಮನುಷ್ಯನೇ ಒಂದು ಕಡೆ ವಾಲಿದಂತೆ ದೂರದಿಂದ ಕಾಣುತ್ತದೆ.

ಹಾವೇರಿಯ ಒಂದು ಮದುವೆಯಲ್ಲಿ ಬೀಗರು ಅವರನ್ನು ಮೊದಲ ಪಂಕ್ತಿಗೆ ಎಳೆದು ತಂದರೂ, ಎದ್ದು ಹೋಗಿ ಕೊನೆಯ ಪಂಕ್ತಿಯ ಕೊನೆಯ ಎಲೆಗೆ ಕೂತು, ಹೋಳಿಗೆ ಬಂತು, ತುಪ್ಪ ಬರಲಿಲ್ಲ ಎಂದು ಅಡುಗೆಯವರಿಗೆ ಹೇಳಿ ಕಳಿಸಿದ್ದರು. ಅದು ದೂರಲ್ಲ, ಬರೀ ವರದಿ. ಅಡುಗೆಯವನೂ ಬೇಸರಪಡದೆ ತುಪ್ಪದ ಗಿಂಡಿ ಹಿಡಿದು ಓಡಿ ಬಂದ.

ಆ ಮದುವೆಯಲ್ಲಿ ಎದುರಿನ ಸಾಲಿಗೆ ಕೂತು ಇದನ್ನು ಕಂಡ ವಿಜಯಮಹಾಂತೇಶನಿಗೆ, ಆಗಲೇ ಅವರ ಮೇಲೆ ಹೊಟ್ಟೆಕಿಚ್ಚು ಹುಟ್ಟಿತ್ತು. ಭೌತಶಾಸ್ತ್ರದಲ್ಲಿ ಬಿಎಸ್ಸಿ ಮಾಡಿ, ಹದಿನೈದು ವರ್ಷಗಳಿಂದ ರಾಣೆಬೆನ್ನೂರಿನ ಹೆದ್ದಾರಿಯ ಬದಿಗೆ ಗ್ಯಾರೇಜು ನಡೆಸುವವನು ಅವನು. ನಟ್ಟು ಬಿಚ್ಚುವ ಅವನ ಪಾನೆಗಳು ಗೋಡೆಯ ಮೇಲೆ ಅಳತೆಯ ಕ್ರಮದಲ್ಲಿ ತೂಗಾಡುತ್ತವೆ. ಪ್ರತಿ ಬಾಟಲಿಗೂ ಚೀಟಿ, ಪ್ರತಿ ಗಾಡಿಗೂ ಒಂದು ಕಡತ. ಅಂದಾನೆಪ್ಪನವರು ಕಿವಿಗೊಟ್ಟು, ಕೈಯಾಡಿಸಿ, ಅಂದಾಜಿನಿಂದ ಕೆಲಸ ತೆಗೆಯುವ ಹಳೇ ಕಾಲದ ಮಿಸ್ತ್ರಿಯಾಗಿದ್ದರೆ ಅವನು ನಕ್ಕು ಸುಮ್ಮನಾಗುತ್ತಿದ್ದ. ಆದರೆ ಅವರೂ ಅಳೆಯುತ್ತಿದ್ದರು, ಅವನಿಗಿಂತ ಹೆಚ್ಚಾಗಿ ಅಳೆಯುತ್ತಿದ್ದರು. ತನ್ನ ಒಂದೇ ಹೆಮ್ಮೆಯಲ್ಲಿ ತನ್ನನ್ನು ಮೀರಿದವನನ್ನು ಸಹಿಸುವುದು ಯಾರಿಗೂ ಸುಲಭವಲ್ಲ.

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಶೀತಗೃಹ ನಡೆಸುವ ಸುಧಾರಾಣಿಗೆ ಇಬ್ಬರೂ ಬೇಕಾದವರು. ಆಕೆಯ ತೋಟಕ್ಕೆ ಪೈಪು ಹಾಕಿದವರು ಅಂದಾನೆಪ್ಪ. ಆಕೆಯ ಹಳೆಯ ಆರು ಸಿಲಿಂಡರಿನ ಕಾರಿಗೆ ಸೂಪರ್‌ಚಾರ್ಜರ್ ಕೂಡಿಸಿದವನು ವಿಜಯಮಹಾಂತೇಶ. ಇಂಜಿನ್ನಿನ ಬಲದಿಂದಲೇ ತಿರುಗುತ್ತ ಅದರೊಳಕ್ಕೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ ಅದು. ಗಾಳಿ ಹೆಚ್ಚಿದಷ್ಟೂ ಪೆಟ್ರೋಲು ಹೆಚ್ಚಬೇಕು. ಸಾಲದೆ ಹೋದರೆ ಕೆಲವೇ ಸೆಕೆಂಡುಗಳಲ್ಲಿ ಪಿಸ್ಟನ್ ಕರಗಿ ಇಂಜಿನ್ನು ಮುಗಿದಂತೆ. ನಾಲ್ಕುನೂರಾ ಐವತ್ತು ಕುದುರೆಶಕ್ತಿಗೆ ನಿಮಿಷಕ್ಕೆ ಎರಡೂ ಮುಕ್ಕಾಲು ಲೀಟರು ಬೇಕು, ಪಂಪು ಮೂರೂವರೆಗೂ ಮೇಲೆ ಕೊಡುತ್ತದೆ ಎಂದು ವಿಜಯಮಹಾಂತೇಶ ನಾಲ್ಕು ಹಾಳೆ ತುಂಬ ಬರೆದು ಟ್ಯಾಂಕಿನಿಂದ ಇಂಜಿನ್ನಿನವರೆಗೆ ಇಂಧನದ ಯೋಜನೆ ಹಾಕಿದ್ದ. ಭಾನುವಾರ ಪಕ್ಕದ ಜಿಲ್ಲೆಯ ಖಾಲಿ ವಿಮಾನಪಟ್ಟಿಯಲ್ಲಿ ಕಾಲು ಮೈಲಿಯ ಓಟ. ಗುರುವಾರ ಸುಧಾರಾಣಿ ಗ್ಯಾರೇಜಿಗೆ ಬಂದಾಗ ಜೊತೆಗೆ ಅಂದಾನೆಪ್ಪನವರೂ ಇಳಿದರು.

"ಕಾಕಾ ಒಂದ್ಸಲ ನೋಡ್ಲಿ, ವಿಜಯಾ. ಕಾಕಾ ಹೂಂ ಅಂದ್ರ ನನಗ ಧೈರ್ಯ."

"ಇದೇನ್ ಮೆಣಸಿನ ತ್ವಾಟ ಅಲ್ರಿ ಅಕ್ಕಾರ."

"ತ್ವಾಟ ಆಗಿದ್ರ ನಿನ್ನ ಯಾಕ ಕರೀತಿದ್ದೆ?" ಎಂದು ಆಕೆ ನಕ್ಕಳು. ಅವನು ನಗಲಿಲ್ಲ.

ಅಂದಾನೆಪ್ಪನವರು ಹಾಳೆಗಳನ್ನು ಗೌರವದಿಂದ ಎರಡೂ ಕೈಯಲ್ಲಿ ಹಿಡಿದು, ಓದದೆ, ಬೆಂಚಿನ ಮೇಲಿಟ್ಟರು. ಹಿಂಬದಿಯ ಟ್ಯಾಂಕನ್ನು ದಾಟಿ ಮುಂದೆ ಹೋಗಿ ಇಂಜಿನ್ನಿನ ಮೇಲೆ ಬಾಗಿದರು.

"ಕಡೇ ಗಿಡ ಯಾವದ್ರಿ?"

ಪೆಟ್ರೋಲು ಕಟ್ಟಕಡೆಗೆ ಮುಟ್ಟುವ ಜಾಗ ಕೇಳುತ್ತಿದ್ದಾರೆಂದು ತಿಳಿದು, ವಿಜಯಮಹಾಂತೇಶ ಆರನೆಯ ಸಿಲಿಂಡರಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರನ್ನು ತೋರಿಸಿದ. ಅವರು ಅದರ ಮೇಲೆ ಬೆರಳಿಟ್ಟು, ಅಲ್ಲಿಂದ ಕೊಳವೆಯ ಗುಂಟ ಹಿಂದಕ್ಕೆ ಹೊರಟರು. ಫಿಲ್ಟರು, ಟ್ಯಾಂಕು, ಪಂಪು, ಪಂಪಿಗೆ ಬರುವ ವೈರು. ಎಲ್ಲ ಮುಟ್ಟಿ ಆದಮೇಲೆ ಕೇಳಿದರು:

"ಇದರಾಗ ಗಾಳಿ ಎಷ್ಟ್ ಜೋರ್ಲೆ ಒತ್ತತೈತ್ರಿ?"

"ಒಂದು ಬಾರ್ ಒತ್ತಡ."

"ಪೆಟ್ರೋಲು?"

"ಮೂರು."

"ಎದುರಿಗೆ ಒಂದು ಬಾರ್ ಗಾಳಿ ನಿಂತಾಗ ಮೂರರದ್ದು ನಾಕ್ ಆಗಬೇಕಲ್ರಿ? ನಾಕರಾಗ ಪಂಪು ಎಷ್ಟ್ ನೀರ್... ಎಷ್ಟ್ ಪೆಟ್ರೋಲ್ ಕೊಡತೈತಿ, ಇದ ವೈರಿನ ಮ್ಯಾಲ ಅಳದೀರೇನು?"

ವಿಜಯಮಹಾಂತೇಶನ ಕಣ್ಣು ಬೆಂಚಿನ ಮೇಲಿನ ಹಾಳೆಗಳತ್ತ ಹೋಯಿತು. ಗಾಳಿ ಒತ್ತಿದಷ್ಟೂ ಪೆಟ್ರೋಲಿನ ಒತ್ತಡ ಏರಲೆಂದು ಒತ್ತಡ ಕಾಯುವ ಕವಾಟಕ್ಕೆ ನಳಿಕೆ ಜೋಡಿಸಿದವನು ಅವನೇ. ಒತ್ತಡ ಏರಿದರೆ ಪಂಪಿನ ಇಳುವರಿ ಇಳಿಯುತ್ತದೆಂದು ಬಲ್ಲವನೂ ಅವನೇ. ಆದರೆ ಕಂಪನಿಯ ಪಟ್ಟಿಯಿಂದ ಮೂರು ಬಾರ್ ಒತ್ತಡದ ಅಂಕಿಯನ್ನೇ ಎತ್ತಿಕೊಂಡಿದ್ದ. ತಿಳಿಯದವನು ಮಾಡುವ ತಪ್ಪಲ್ಲ ಇದು. ಟ್ಯಾಂಕಿನಿಂದ ಲೆಕ್ಕ ಆರಂಭಿಸಿ, ಇಂಜಿನ್ನು ಮುಟ್ಟುವ ಹೊತ್ತಿಗೆ ತನ್ನ ಅಚ್ಚುಕಟ್ಟಿಗೆ ತಾನೇ ಮೆಚ್ಚಿದವನು ಮಾಡುವ ತಪ್ಪು.

"ಅಳದೇನ್ರಿ," ಎಂದ.

"ಅಳದೀರಿ ಅಂದ್ರ ಮುಗೀತ ಬಿಡ್ರಿ," ಎಂದರು ಅಂದಾನೆಪ್ಪ. ಮುಖದಲ್ಲಿ ಅನುಮಾನದ ಒಂದು ಗೆರೆಯೂ ಇರಲಿಲ್ಲ. ಇದ್ದಿದ್ದರೆ ಅವನು ಸಿಟ್ಟಾದರೂ ಮಾಡಿಕೊಳ್ಳುತ್ತಿದ್ದ. ಚಹಾ ಕುಡಿದು, ಶನಿವಾರ ಕಾರು ಒಯ್ಯುವೆನೆಂದು ಹೇಳಿ ಸುಧಾರಾಣಿ ಅವರನ್ನು ಕರೆದುಕೊಂಡು ಹೋದಳು.

ಶುಕ್ರವಾರ ಬೆಳಿಗ್ಗೆ ಕಾರನ್ನು ಗ್ಯಾರೇಜಿನ ಹಿಂದಿನ ಬಯಲಿಗೆ ತಂದು, ಬೆಂಕಿ ಆರಿಸುವ ಸಿಲಿಂಡರನ್ನು ಪಕ್ಕದಲ್ಲಿಟ್ಟುಕೊಂಡು, ಅವನು ಅಳೆದ. ಒತ್ತಡವನ್ನು ನಾಲ್ಕು ಬಾರ್‌ಗೆ ನಿಲ್ಲಿಸಿ, ಕೊಳವೆಯ ತುದಿಯನ್ನು ಗೆರೆ ಹಾಕಿದ ಕ್ಯಾನಿನೊಳಗೆ ಬಿಟ್ಟು, ಒಂದು ನಿಮಿಷ. ಎರಡೂವರೆ ಲೀಟರು. ಬ್ಯಾಟರಿ ಇಳಿದಿರಬಹುದೆಂದು, ಚಾಲೂ ಇಟ್ಟ ಇನ್ನೊಂದು ಕಾರಿನಿಂದ ಕೇಬಲ್ ಎಳೆದು ಮತ್ತೆ ಅಳೆದ. ಎರಡೂವರೆಯ ಮೇಲೆ ಒಂದು ಗೆರೆ, ಅಷ್ಟೇ. ಬೇಕಾದದ್ದು ಎರಡೂ ಮುಕ್ಕಾಲು. ಪಂಪೂ ಸಣ್ಣದು, ಅದಕ್ಕೆ ಸಾಲುವಷ್ಟು ವಿದ್ಯುತ್ತು ಒಯ್ಯಲಾರದಷ್ಟು ವೈರೂ ತೆಳು.

ದೊಡ್ಡ ಪಂಪು ಬೆಂಗಳೂರಿನಿಂದ ಬರಲು ಮಂಗಳವಾರವಾಗುತ್ತಿತ್ತು. ಸುಮ್ಮನಿದ್ದುಬಿಟ್ಟರೆ? ಸುಧಾರಾಣಿ ಪೂರ್ತಿ ಜೋರು ಒತ್ತದಿದ್ದರೆ ಏನೂ ಆಗದೆ ಇರಬಹುದು. ಆಮೇಲೆ ಯಾವುದೋ ನೆಪದಲ್ಲಿ ಕಾರು ತರಿಸಿ ಸದ್ದಿಲ್ಲದೆ ಪಂಪು ಬದಲಿಸಬಹುದು. ಐರಣಿಯ ಆ ವಾಲಿದ ಕೋಟಿನ ಮನುಷ್ಯನಿಗೆ ಎಂದಿಗೂ ಗೊತ್ತಾಗುವುದಿಲ್ಲ. ಈ ಕೊನೆಯ ಮಾತೇ ತನಗೆ ಇಂಜಿನ್ನಿಗಿಂತ ದೊಡ್ಡದಾಗಿದೆ ಎಂಬುದು ಹೊಳೆದಾಗ, ಅವನಿಗೆ ತನ್ನ ಬಗ್ಗೆಯೇ ಅಸಹ್ಯವಾಯಿತು. ಕೈಗೆ ಹತ್ತಿದ ಪೆಟ್ರೋಲು ಒರೆಸಿಕೊಂಡು ಫೋನು ಮಾಡಿದ.

"ಅಕ್ಕಾರ, ಭಾನುವಾರ ಬ್ಯಾಡ್ರಿ. ನಾನು ಅಳದಿರಲಿಲ್ಲ. ನಿನ್ನೆ ಸುಳ್ಳ ಹೇಳಿದೆ. ಪೆಟ್ರೋಲ್ ಸಾಲೂದಿಲ್ಲ."

ಆ ಕಡೆ ಸುಧಾರಾಣಿ ಶೀತಗೃಹದ ಯಂತ್ರದ ಸದ್ದಿನಿಂದ ಹೊರಗೆ ಬಂದಳು.

"ಓಟದ ಸಲುವಾಗಿ ಬಾಳ ಆಶಾ ಇಟ್ಟಿದ್ದೆನೋ ಮಾರಾಯಾ," ಎಂದಳು. ಆಮೇಲೆ, "ಆದ್ರ ನಾ ಹೆಂಗೂ ಒಯ್ತಿರಲಿಲ್ಲ ತಗೋ. ಕಾಕಾ ದಾರ್ಯಾಗ ಹೇಳಿದ್ರು, ವಿಜಯಪ್ಪ ನಾಳೆ ತಾನ ಫೋನ್ ಮಾಡ್ತಾರ, ಅಲ್ಲೀತನಾ ಗಾಡಿ ಮುಟ್ಟಬ್ಯಾಡವಾ ಅಂತ. ಯಾಕಂತ ಕೇಳಿದ್ರ, ಅವ್ರ ಹೇಳ್ತಾರ ಅಂದು ಸುಮ್ಮನಾದ್ರು."

ಧೈರ್ಯ ಮಾಡಿ ನಿಜ ಹೇಳಿದ ಸಮಾಧಾನವನ್ನಾದರೂ ಉಳಿಸಿಕೊಳ್ಳಬೇಕೆಂದಿದ್ದವನಿಗೆ, ತನ್ನ ಫೋನೂ ಹಿಂದಿನ ದಿನವೇ ಅಂದಾನೆಪ್ಪನವರ ಎಣಿಕೆಗೆ ಬಂದಿತ್ತೆಂದು ಕೇಳಿ ಆ ಸಮಾಧಾನವೂ ಇಲ್ಲವಾಯಿತು.

ಮಂಗಳವಾರ ಪಂಪು ಬಂತು. ದಪ್ಪ ವೈರು ಎಳೆದದ್ದಾಯಿತು. ಅಳೆಯುವ ದಿನ ಅವನು ತಾನಾಗಿಯೇ ಅಂದಾನೆಪ್ಪನವರನ್ನು ಕರೆದ. ನಿಮಿಷಕ್ಕೆ ನಾಲ್ಕು ಲೀಟರಿಗೆ ಒಂದು ಗೆರೆ ಕಡಿಮೆ. ಅವರು ಕ್ಯಾನನ್ನು ಬೆಳಕಿಗೆ ಹಿಡಿದು ಮಗುವಿನಂತೆ ಖುಷಿಪಟ್ಟರು.

"ಯಾರ್ ಕಲಿಸಿದ್ರಿ ನಿಮಗ ಇದನ್ನ?" ಎಂದು ವಿಜಯಮಹಾಂತೇಶ ಕೇಳಿಬಿಟ್ಟ. ಯಾವುದಾದರೂ ಗುರುವಿನ ಹೆಸರೋ, ಹಿಂದೊಮ್ಮೆ ಒಣಗಿಹೋದ ಹೊಲದ ಕತೆಯೋ ಬಂದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಯಾರ್ ಕಲಸ್ತಾರ್ರಿ? ಅಲ್ಲಿ ಹೋಗಿ ಕುಂತ್ರ ಕಾಣತೈತಿ," ಎಂದು ಅವರು ಚಹಾದ ಕಪ್ಪು ಎತ್ತಿಕೊಂಡರು.

ಇಂಥವರು ಒಂದು ಸೀಮೆಗೆ ಒಬ್ಬರೋ ಇಬ್ಬರೋ ಇರುತ್ತಾರೆ. ಅವರ ವಿದ್ಯೆಯನ್ನು ಕಷ್ಟಪಟ್ಟು ಕಲಿಯಬಹುದು, ಅವರ ಸಾಮಾನುಗಳನ್ನು ಪೇಟೆಯಲ್ಲಿ ಕೊಳ್ಳಬಹುದು. ಇನ್ನೊಬ್ಬನ ತಪ್ಪು ಕೈಗೆ ಸಿಕ್ಕಾಗ, ಯಾರಿಗೂ ಹಾನಿಯಾಗದಂತೆ ನೋಡಿಕೊಂಡು, ಅದನ್ನು ಅವನ ಹತ್ತಿರವೇ ಬಿಟ್ಟು ಮನೆಗೆ ಹೋಗುವುದನ್ನು ಮಾತ್ರ ಎಲ್ಲಿ ಕಲಿಯಬೇಕೋ ತಿಳಿಯದು. ಅವರ ಮೇಲಿನ ಮತ್ಸರ ವಾಸಿಯಾಗುವುದೂ ಇಲ್ಲ. ಸಿಟ್ಟಿಗೊಂದು ಕಾರಣ ಸಿಕ್ಕಿದ್ದರೆ ಅದು ಎಂದೋ ಉರಿದು ಬೂದಿಯಾಗುತ್ತಿತ್ತು, ಆ ಕಾರಣವನ್ನು ಅವರು ಕೊಡುವುದಿಲ್ಲ. ಮತ್ಸರಪಟ್ಟವನಿಗೆ ಉಳಿಯುವುದು ತನ್ನ ಕೆಲಸವನ್ನು ಇನ್ನಷ್ಟು ಚೊಕ್ಕವಾಗಿ ಮಾಡುತ್ತ ಹೋಗುವುದೊಂದೇ. ಹಾಗೆ ಮಾಡುತ್ತ ಅವನೂ ಅವರಂತೆ ಆಗುತ್ತಾನೆಂದು ಹೇಳಲು ಬರುವುದಿಲ್ಲ; ಅವನ ಕೈಯಿಂದ ಹೊರಬಿದ್ದ ಇಂಜಿನ್ನುಗಳು ಕೆಡುವುದು ಕಡಿಮೆಯಾಗುತ್ತದೆ ಎಂದಷ್ಟೇ ಖಚಿತವಾಗಿ ಹೇಳಬಹುದು.