ಮಂದ್ರದ ಡಬ್ಬಿ

"ಇದು ಗೊರಗೊರ ಅಂತದೆ. ತೆಗಿ ಇದ್ನ," ಎಂದ ಕಿಶನ.

ಮಡಗಾಂವಿನ ವಾದ್ಯಗಳ ಅಂಗಡಿಯಲ್ಲಿ ಅವನು ಮಗಳ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನಲ್ಲಿ ಕುಳಿತಿದ್ದ. ಕಾಲಬುಡದಲ್ಲಿ ಸಾಬೂನಿನ ಡಬ್ಬಿಯಷ್ಟು ದೊಡ್ಡ ಮೂರು ಪೆಡಲ್‌ಗಳಿದ್ದವು. ಮಗಳು ಮಾನಸಾ ಬಗ್ಗಿ ಒಂದರಿಂದ ಇನ್ನೊಂದಕ್ಕೆ ವಯರ್ ಬದಲಿಸಿ ಕೊಡುತ್ತಿದ್ದಳು. ಆಕ್ಟೇವ್ ಪೆಡಲ್ ಎಂದರೆ ಇಷ್ಟೇ: ಗಿಟಾರಿನಲ್ಲಿ ಒಂದು ಸ್ವರ ನುಡಿಸಿದರೆ ಅದನ್ನೇ ಒಂದು ಸಪ್ತಕ ಕೆಳಗೆ, ಮಂದ್ರದಲ್ಲಿ ಇನ್ನೊಮ್ಮೆ ನುಡಿಸಿಕೊಡುವ ಡಬ್ಬಿ. ಮೊದಲನೆಯದು ಒಂಟಿ ತಂತಿಗೆ ಸರಿಯಾಗಿಯೇ ಓಗೊಟ್ಟಿತು. ಎರಡು ತಂತಿ ಒಟ್ಟಿಗೆ ಮೀಟಿದ್ದೇ ತಡ, ಯಾವುದನ್ನು ಹಿಡಿಯಬೇಕೆಂದು ತಿಳಿಯದೆ ಗಂಟಲಲ್ಲಿ ನೀರು ತುಂಬಿಕೊಂಡವರ ಹಾಗೆ ಒದ್ದಾಡಿತು.

"ಪಡುವಣ ಮೆಲೋಡೀಸ್" ತಂಡದ ಯಜಮಾನರಾದ ರಾಮನಾಥ ಮಾಸ್ತರರೇ ದುಡ್ಡು ಕೊಟ್ಟು ಕಳಿಸಿದ್ದರು. "ನಿನ್ನ ಗಿಟಾರಿಗೆ ಸ್ವಲ್ಪ ತೂಕ ಬರಲಿ. ಅಪ್ಪನ್ನ ಕರ್ಕಂಡು ಹೋಗು, ಅವನ ಕಿವಿ ಚಲೋ ಅದೆ," ಎಂದಿದ್ದರು. ಆ ಕಿವಿಯಿಂದಲೇ ಕಿಶನ ಹದಿನೆಂಟು ವರ್ಷ ತಂಡದಲ್ಲಿ ಮಂದ್ರ ಸ್ವರಗಳ ಬಾಸ್ ಗಿಟಾರ್ ನುಡಿಸಿದ್ದ. ಹಗಲು ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳ ಇಂಜಿನ್ ರಿಪೇರಿ. ಮದುವೆಯ ದಿನಗಳಲ್ಲಿ ಬಾಸ್. ಎರಡು ವರ್ಷದ ಹಿಂದೆ ಮಗಳನ್ನೂ ತಂಡಕ್ಕೆ ತಂದಿದ್ದ.

ಎರಡನೆಯ ಪೆಡಲ್ ತಡ ಮಾಡಿತು. ಮೀಟಿದ ಮೇಲೆ ಕಣ್ಣು ಮಿಟುಕಿಸುವಷ್ಟು ಹೊತ್ತು ಬಿಟ್ಟು ಕೆಳಗಿನ ಸ್ವರ ಬರುತ್ತಿತ್ತು. ಕಿಶನ ತಲೆಯಾಡಿಸಿದ. ಮೂರನೆಯದರಲ್ಲಿ ಅವನು ತೀರ ದಪ್ಪ ತಂತಿಯನ್ನು ಹತ್ತು ಸಲ, ಇಪ್ಪತ್ತು ಸಲ, ಮೆಲ್ಲಗೆ, ಜೋರಾಗಿ, ಬೆರಳಿನಿಂದ, ಹೆಬ್ಬೆರಳಿನಿಂದ ಮೀಟಿ ನೋಡಿದ. ನಂತರ ನಾಲ್ಕು ತಂತಿ ಒಟ್ಟಿಗೆ. ಸ್ವರ ಅಲುಗಲಿಲ್ಲ. ಅವನ ಮುಖ ಅರಳಿತು.

ಅಂಗಡಿಯವನು ಹುರುಪಿನಿಂದ ಕೊಂಕಣಿಯಲ್ಲಿ ವಿವರಿಸತೊಡಗಿದ. ಈ ಗುಂಡಿ ತಿರುಗಿಸಿದರೆ ದಪ್ಪ ತಂತಿಗಳಿಗೆ ಮಾತ್ರ ಮಂದ್ರ ಸೇರುತ್ತದೆ, ಸಣ್ಣವು ಹಾಗೆಯೇ ಉಳಿಯುತ್ತವೆ. ಇಲ್ಲಿ ಎರಡು ಔಟ್‌ಪುಟ್ ಇವೆ ನೋಡಿ. ಒಂದು ಗಿಟಾರಿನ ಸ್ಪೀಕರಿಗೆ, ಇನ್ನೊಂದು ಬಾಸಿನ ಸ್ಪೀಕರಿಗೆ. ಮದುವೆ ಬ್ಯಾಂಡಿನವರು ಇದನ್ನೇ ಒಯ್ಯುತ್ತಾರೆ, ಬಾಸ್ ಬಾರಿಸುವವ ಬೇಕಾಗುವುದೇ ಇಲ್ಲ.

ಕಿಶನನ ಕೈ ತಂತಿಯ ಮೇಲೆ ನಿಂತಿತು. ಎರಡನೆಯ ಔಟ್‌ಪುಟ್ಟಿನ ತೂತನ್ನು ಒಂದು ಕ್ಷಣ ನೋಡಿದ. ಆಮೇಲೆ ಗಿಟಾರನ್ನು ಮಗಳ ಕೈಗೆ ಕೊಟ್ಟು ಎದ್ದ.

"ಇದೇ ಆಗ್ಲಿ," ಎಂದ.

ಬಸ್ಸಿನಲ್ಲಿ ಗೋವಾ ಗಡಿ ದಾಟಿ ತಮ್ಮೂರು ಸದಾಶಿವಗಡದಲ್ಲಿ ಇಳಿಯುವವರೆಗೂ ಅವನು ಬಾಯಿ ಬಿಡಲಿಲ್ಲ. ಹಸಿವಾಗಿರಬೇಕು ಎಂದುಕೊಂಡಳು ಮಾನಸಾ.

ಅವಳಿಗೆ ತಿಳಿದದ್ದು ನಾಲ್ಕು ದಿನ ಬಿಟ್ಟು. ಅಂಕೋಲೆಯ ಮದುವೆ ಊಟದ ಹೊತ್ತಿನ ಕಾರ್ಯಕ್ರಮಕ್ಕೆ ಯಾರು ಯಾರು ಎಂದು ಮಾಸ್ತರರು ವಾಟ್ಸ್ಯಾಪಿನಲ್ಲಿ ಪಟ್ಟಿ ಹಾಕಿದ್ದರು. ಹಾಡಲು ಪೂರ್ಣಿಮಾ, ಕೀಬೋರ್ಡಿಗೆ ಮಾಸ್ತರರು, ಡ್ರಮ್ಮಿಗೆ ರೋಹಿತ. ಮಾನಸಾಳ ಹೆಸರಿನ ಮುಂದೆ "ಗಿಟಾರ್ ಮತ್ತು ಬಾಸ್" ಎಂದಿತ್ತು. ಅಪ್ಪನ ಹೆಸರು ಇರಲಿಲ್ಲ.

ಅವಳು ತಕ್ಷಣ ಫೋನ್ ಮಾಡಿದಳು.

"ಗಾಡಿಲಿ ಜಾಗ ಇಲ್ಲ ಮಾರಾಯ್ತಿ," ಎಂದರು ಮಾಸ್ತರರು. "ಈಗ ಎಲ್ಲಾ ಕಡೆ ಸಣ್ಣ ಬ್ಯಾಂಡೇ ಕೇಳ್ತರೆ. ಕಿಶನಂಗೂ ವಯಸ್ಸಾಯ್ತು, ಬಂದರದ ಕೆಲಸ ಬೇರೆ ಅದೆ."

"ನಲವತ್ತಾರು ವಯಸ್ಸಾ ಸರ್? ನಿಮಗೆ ಐವತ್ತೆಂಟು."

ಮಾಸ್ತರರು ಫೋನ್ ಇಟ್ಟರು.

ಕಿಶನ ಅಂಗಳದಲ್ಲಿ ಕುಳಿತು ಯಾವುದೋ ಇಂಜಿನ್ನಿನ ಬಿಡಿಭಾಗವನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ಅವಳು ಮೊಬೈಲನ್ನು ಅವನ ಮುಖಕ್ಕೆ ಹಿಡಿದಳು. ಅವನು ಓದಲಿಲ್ಲ.

"ಗೊತ್ತದೆ," ಎಂದ.

"ಯಾವಾಗಿಂದ?"

"ಅಂಗಡಿಲಿ ಅಂವ ಆ ತೂತು ತೋರಿಸ್ದಾಗಿಂದ."

"ಮತ್ತೆ ಎಂತಕೆ ಆರಿಸ್ಕೊಟ್ಟೆ ಪಪ್ಪಾ? ಆ ಗೊರಗೊರ ಅನ್ನೂದನ್ನೇ ಕೊಡ್ಸಿದ್ರೆ ಆಗ್ತಿತ್ತು! ಸ್ಟೇಜ್ ಮೇಲೆ ಮಾನ ಹೋಗ್ತಿತ್ತು ಅವರದ್ದು!"

"ಸ್ಟೇಜ್ ಮೇಲೆ ನಿಲ್ಲೂದು ಯಾರು? ನೀನೇ ಅಲ್ವಾ?" ಅವನು ಬಟ್ಟೆಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. "ನನ್ನ ಜಾಗದಲ್ಲಿ ಒಂದು ಡಬ್ಬಿ ಇಡ್ತರೆ ಅಂದ್ರೆ, ಅದು ಸರಿಯಾಗಾದ್ರೂ ಬಾರಿಸ್ಲಿ."

"ನಾ ಹೋಗೂದಿಲ್ಲ."

"ಹೋಗ್ಬೇಕು."

ಅವಳಿಗೆ ಮಾಸ್ತರರ ಮೇಲಿದ್ದ ಸಿಟ್ಟಿಗಿಂತ ಅಪ್ಪನ ಮೇಲೆ ಹೆಚ್ಚು ಸಿಟ್ಟು ಬಂತು. ಹದಿನೆಂಟು ವರ್ಷ ಬಾರಿಸಿದವನು ಒಂದು ಮಾತು ಕೇಳಬಾರದೇ? ಹೋಗಿ ಅವರ ಮನೆಯ ಬಾಗಿಲಲ್ಲಿ ನಿಲ್ಲಬಾರದೇ? ಅವನು ಅದಾವುದನ್ನೂ ಮಾಡದೆ ಅಂದು ಸಂಜೆಯೇ ಪೆಡಲನ್ನು ಜಗಲಿಯಲ್ಲಿ ಜೋಡಿಸಿ ಅವಳನ್ನು ಕರೆದ.

ಕಲಿಸುವಾಗ ಮಾತ್ರ ಅವನ ಸಿಟ್ಟು ಹೊರಬಿತ್ತು. ಇಂಜಿನ್ ಬಿಚ್ಚುವಾಗ ಬೋಟಿನ ಹುಡುಗರಿಗೆ ಬೈಯುವ ಧ್ವನಿಯಲ್ಲಿ ಬೈದ. "ಗಿಟಾರಿಂದ ವಯರು ಮೊದ್ಲು ಇದ್ಕೆ ಬರ್ಬೇಕು, ಉಳಿದ ಪೆಡಲೆಲ್ಲ ಇದ್ರ ಹಿಂದೆ. ಎಷ್ಟು ಸಲ ಹೇಳೂದು? ಪಿಕ್ ಬಿಸಾಡು! ಹೆಬ್ಬೆರಳಲ್ಲಿ ಮೀಟು. ಕೆಳಗಿನ ಸ್ವರ ಮೊದ್ಲು, ಆಮೇಲೆ ಮೇಲಿಂದು. ಎರಡೂ ಒಟ್ಟಿಗೆ ಬಡಿಬೇಡ. ಮುಂದಿನ ಸ್ವರಕ್ಕೆ ಹೋಗೂಕಿಂತ ಮುಂಚೆ ಹಿಂದಿಂದನ್ನ ಅಂಗೈಲಿ ಮುಚ್ಚು. ಮುಚ್ಚು ಅಂದೆ!" ಅವಳು ಹಲ್ಲು ಕಚ್ಚಿ ನುಡಿಸಿದಳು. ಒಳಗಿನಿಂದ ಅವಳ ತಾಯಿ ಬೇಬಿ, "ಅದ್ರ ಕೈ ಕಡಿದು ಹಾಕೂಕೆ ಹೊರಟ್ಯಾ?" ಎಂದು ಕೂಗಿದಳು. ಕಿಶನ ಕೇಳಿಸಿಕೊಳ್ಳಲಿಲ್ಲ. ಎಂಟು ದಿನ ಹೀಗೆಯೇ ನಡೆಯಿತು. ಒಂಬತ್ತನೆಯ ದಿನ ಅವನು ಬೆನ್ನು ತಿರುಗಿಸಿ ನಿಂತು ಒಂದು ಹಾಡು ಪೂರ್ತಿ ಕೇಳಿ, ಬೈಯದೆ ಒಳಗೆ ಹೋದ.

ಅಂಕೋಲೆಯ ಸಭಾಭವನದಲ್ಲಿ ಹನ್ನೆರಡು ಗಂಟೆಗೆ ಕಾರ್ಯಕ್ರಮ ಶುರುವಾಯಿತು. ಮಾನಸಾ ಪೆಡಲಿನ ಒಂದು ವಯರನ್ನು ಗಿಟಾರಿನ ಸ್ಪೀಕರಿಗೂ ಇನ್ನೊಂದನ್ನು ಅಪ್ಪ ನಿಲ್ಲುತ್ತಿದ್ದ ಮೂಲೆಯ ದೊಡ್ಡ ಸ್ಪೀಕರಿಗೂ ಕೊಟ್ಟು, ಕಾಲಿನಿಂದ ಒತ್ತಿದಳು. ಮೊದಲ ಸ್ವರಕ್ಕೇ ವೇದಿಕೆಯ ಹಲಗೆ ನಡುಗಿತು. ರೋಹಿತ ಡ್ರಮ್ಮಿನ ಹಿಂದಿನಿಂದ ಹೆಬ್ಬೆರಳು ಎತ್ತಿ ತೋರಿಸಿದ.

ಅದು ಚೆನ್ನಾಗಿ ಕೇಳಿಸುತ್ತಿತ್ತು. ಅದೇ ಅವಳಿಗೆ ಸಹಿಸಲಾಗದ್ದು. ಎಲ್ಲಾದರೂ ತಪ್ಪುತ್ತದೆ, ಯಾರಾದರೂ ತಲೆಯೆತ್ತಿ ಏನೋ ಕಡಿಮೆಯಾಗಿದೆ ಎನ್ನುತ್ತಾರೆ ಎಂದು ಅವಳು ಕಾದಳು. ಒಂದು ಹಾಡು, ಎರಡು ಹಾಡು, ಮೂರು. ಜನ ಸಾಲಾಗಿ ವಧೂವರರ ಬಳಿ ಹೋದರು, ಪಾಯಸ ಕುಡಿದರು, ಮಕ್ಕಳು ವೇದಿಕೆಯ ಮುಂದೆ ಕುಣಿದವು. ಆ ಮೂಲೆಯಲ್ಲಿ ಮನುಷ್ಯ ಇಲ್ಲ ಎಂದು ಯಾರಿಗೂ ಅನ್ನಿಸಲಿಲ್ಲ.

ನಾಲ್ಕನೆಯ ಹಾಡಿನ ನಡುವೆ ಜರಿ ಶಲ್ಯ ಹೊದ್ದ ಒಬ್ಬ ದಪ್ಪ ಮನುಷ್ಯ ವೇದಿಕೆಯ ಹತ್ತಿರ ಬಂದ. ಮಾನಸಾ ಅವನನ್ನು ನೋಡಿದ ಕೂಡಲೇ ಗುರುತಿಸಿದಳು. ಗುತ್ತಿಗೆದಾರ ಹರೀಶ. ಎರಡು ತಿಂಗಳ ಹಿಂದೆ ಮಂಜಗುಣಿಯ ಒಂದು ಮದುವೆಯಲ್ಲಿ ಇದೇ ಮನುಷ್ಯ ಕುಡಿದು ವೇದಿಕೆ ಹತ್ತಿ, ನೋಟೊಂದನ್ನು ಅವಳ ತಲೆಯ ಸುತ್ತ ನಿವಾಳಿಸಿ, ಅವಳ ಎದೆಗೂ ಗಿಟಾರಿಗೂ ನಡುವೆ ತುರುಕಲು ಕೈ ಚಾಚಿದ್ದ. ಕಿಶನ ಬಾಸನ್ನು ನೆಲಕ್ಕಿಟ್ಟು, ಎರಡು ಹೆಜ್ಜೆ ಬಂದು, ಅವನ ಕೊರಳಪಟ್ಟಿ ಹಿಡಿದು ಮೆಟ್ಟಿಲಿನಿಂದ ಕೆಳಗೆ ದೂಡಿದ್ದ.

ಇಂದು ಹರೀಶ ಕುಡಿದಿರಲಿಲ್ಲ. ಬಾಸಿನ ಮೂಲೆಯನ್ನು ನೋಡಿ, ಮಾನಸಾಳನ್ನು ನೋಡಿ, ಮಾಸ್ತರರ ಕಡೆ ತಿರುಗಿ ನಕ್ಕ.

"ಈಗ ಸರಿಯಾಯ್ತು ಮಾಸ್ತರ್," ಎಂದ. "ನಾ ಹೇಳಿದ್ದೆ ಅಲ್ವಾ, ಅಂವ ಇಲ್ದೆನೂ ಆಗ್ತದೆ ಅಂತ."

ಕೀಬೋರ್ಡಿನ ಮೇಲೆ ಬಗ್ಗಿದ್ದ ಮಾಸ್ತರರು ತಲೆ ಎತ್ತಲಿಲ್ಲ. ಅವರ ಕಿವಿ ಕೆಂಪಾಗಿದ್ದು ಮಾತ್ರ ಕಾಣಿಸಿತು.

ಮಾನಸಾ ಪೆಡಲಿನ ಮೇಲೆ ಕಾಲಿಟ್ಟು ಒತ್ತಿದಳು. ಕೆಂಪು ದೀಪ ಆರಿತು. ಹಾಡಿನ ಕೆಳಗಿನ ನೆಲ ಕುಸಿದಂತಾಗಿ ಪೂರ್ಣಿಮಾಳ ಧ್ವನಿ ಒಂಟಿಯಾಗಿ ತೇಲಿತು. ಪೂರ್ಣಿಮಾ ಗಾಬರಿಯಿಂದ ತಿರುಗಿ ನೋಡಿದಳು. ಊಟ ಮಾಡುತ್ತಿದ್ದವರಲ್ಲಿ ನಾಲ್ಕಾರು ಮಂದಿ ತಲೆಯೆತ್ತಿದರು. ಮಾನಸಾ ಗಿಟಾರಿನಿಂದ ವಯರನ್ನು ಕಿತ್ತಳು. ಸ್ಪೀಕರು ಟಪ್ಪೆಂದಿತು.

"ಎಂತ ಮಾಡ್ತೆ ನೀನು?" ಮಾಸ್ತರರು ಹಲ್ಲಿನ ಸಂದಿಯಲ್ಲಿ ಕೇಳಿದರು.

"ಇವ್ರ ಮನೆ ಮದುವೆಗಾಗಿ ಪಪ್ಪನ್ನ ಬಿಟ್ರಾ ಸರ್?"

"ಅವ್ರ ತಂಗಿ ಮಗಳ ಮದುವೆ. ಇನ್ನೂ ಮೂರು ಮದುವೆ ಅದೆ ಆ ಮನೇದು. ನಂಗೆ ತಂಡ ನಡಿಬೇಕು ಮಾನಸಾ. ನಿನ್ನ ಅಪ್ಪಂಗೆ ಎಲ್ಲಾ ಹೇಳೇ ಮಾಡಿದ್ದು. ಅಂವನೇ ಒಪ್ಪಿದ್ದು. ಮಗಳನ್ನ ಬಿಡಬೇಡಿ ಅಂತ ಅಂವನೇ ಹೇಳಿದ್ದು."

ಮಾನಸಾ ಚೀಲವನ್ನು ಎಳೆದುಕೊಂಡಳು. ಗಿಟಾರನ್ನು ಚೀಲಕ್ಕೆ ತುಂಬುವಾಗ ಜಿಪ್ ಸಿಕ್ಕಿಕೊಂಡಿತು. ಅವಳು ಅದನ್ನು ಎಳೆದೆಳೆದು, ಕೊನೆಗೆ ಅರ್ಧ ತೆರೆದಂತೆಯೇ ಹೆಗಲಿಗೇರಿಸಿದಳು.

"ಪೆಡಲ್ ನಿಮ್ಮದು. ಇಲ್ಲೇ ಅದೆ," ಎಂದು ಮೆಟ್ಟಿಲು ಇಳಿದಳು. ದಾರಿಯಲ್ಲಿ ನಿಂತಿದ್ದ ಹರೀಶ ಪಕ್ಕಕ್ಕೆ ಸರಿಯುತ್ತಾನೋ ಇಲ್ಲವೋ ಎಂದು ನೋಡಲೂ ಇಲ್ಲ, ನೇರ ನಡೆದಳು. ಅವನೇ ಸರಿದ.

ಕಾರವಾರದ ಬಸ್ಸು ತುಂಬಿತ್ತು. ಗಿಟಾರನ್ನು ಎರಡು ಕಾಲುಗಳ ನಡುವೆ ಹಿಡಿದು ಅವಳು ನಿಂತೇ ಬಂದಳು. ಅಪ್ಪನಿಗೆ ಹೇಳಬೇಕಾದ ಮಾತುಗಳನ್ನು ಒಂದರ ಮೇಲೊಂದು ಪೇರಿಸಿಕೊಂಡಳು.

ಅವಳು ಮನೆ ಮುಟ್ಟುವ ಮೊದಲೇ ಮಾಸ್ತರರ ಫೋನು ಬಂದಿತ್ತು. ಕಿಶನ ಬಾಗಿಲಲ್ಲೇ ನಿಂತಿದ್ದ.

"ಹಾಡಿನ ಮಧ್ಯ ಬಿಟ್ಟು ಬಂದ್ಯಾ?" ಅವನ ಧ್ವನಿ ನೆರೆಮನೆಗೆ ಕೇಳುವಷ್ಟಿತ್ತು. "ಪೂರ್ಣಿಮಾ ಎಂತ ತಪ್ಪು ಮಾಡಿದ್ಳು? ಆ ಮದುವೆ ಹುಡುಗಿ ಎಂತ ತಪ್ಪು ಮಾಡಿದ್ಳು? ನಾ ಬಾಯಿ ಮುಚ್ಕಂಡಿದ್ದು ಎಂತಕೆ? ನಿಂಗೆ ನಿಲ್ಲೂಕೆ ಒಂದು ಜಾಗ ಇರ್ಲಿ ಅಂತ!"

"ನಂಗೆ ಹೇಳ್ಬೇಕಿತ್ತು!"

"ಹೇಳಿದ್ರೆ ನೀ ಹೋಗ್ತಿದ್ಯಾ?"

"ಇಲ್ಲ! ಅದ್ಕೇ ಹೇಳ್ಬೇಕಿತ್ತು! ಅಂವ ನನ್ನ ಮೈಗೆ ಕೈ ಹಾಕೂಕೆ ಬಂದ, ನೀ ತಡೆದೆ. ಮನೇಲಿ ಕೂತಿದ್ದು ನೀನು, ಶಲ್ಯ ಹೊದ್ದು ತಿರುಗ್ತಾ ಇದ್ದಿದ್ದು ಅಂವ. ಅವ್ನ ಎದುರು ನಾ ಬಾರಿಸ್ತಾ ಇದ್ದೆ ಪಪ್ಪಾ. ನೀ ಕಲ್ಸಿದ ಹಾಗೇ, ಒಂದೂ ತಪ್ಪದೆ ಬಾರಿಸ್ತಾ ಇದ್ದೆ!"

ಕಿಶನ ಹೆಗಲ ಮೇಲಿದ್ದ ಟವೆಲನ್ನು ಎಳೆದು ನೆಲಕ್ಕೆ ಒಗೆದು, ಅವಳನ್ನು ದಾಟಿ ಸಮುದ್ರದ ಕಡೆಗೆ ಹೊರಟುಹೋದ.

"ಹೋಗ್ಲಿ ಬಿಡು," ಎಂದಳು ಬೇಬಿ, ಹೊಸ್ತಿಲಲ್ಲಿ ನಿಂತು. "ಪೆಡಲ್ ತಂದ ಮರುದಿನ ನೀ ಇಲ್ದಾಗ ಮಾಸ್ತರ್ ಬಂದು ಹೋದ ಮೇಲೆ ಎರಡು ದಿನ ಉಂಡಿಲ್ಲ ಅಂವ. ನಿಂಗೆ ಹೇಳ್ಬೇಡ ಅಂತ ನಂಗೆ ಆಣೆ ಹಾಕಿದ್ದ."

ಮಾನಸಾ ಗಿಟಾರನ್ನು ಗೋಡೆಗೆ ಒರಗಿಸಿದಳು. ಮದುವೆಗೆಂದು ಉಟ್ಟ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಚಪ್ಪಲಿ ಬಿಟ್ಟು ಹೊರಟಳು.

ದಂಡೆಯಲ್ಲಿ ರಂಪಣಿ ಬಲೆ ಎಳೆಯುತ್ತಿದ್ದರು. ಇಪ್ಪತ್ತು ಇಪ್ಪತ್ತೈದು ಜನ ಎರಡು ಸಾಲಾಗಿ, ಮರಳಿನಲ್ಲಿ ಹಿಮ್ಮಡಿ ಹೂತು, ಹಿಂದಕ್ಕೆ ವಾಲಿ. ಬಲೆ ಇನ್ನೂ ದೂರವಿತ್ತು; ನೀರಿನ ಮೇಲೆ ತೇಲುಗುಂಡುಗಳ ಸಾಲು ಮಾತ್ರ ಕಾಣುತ್ತಿತ್ತು. ಕಿಶನ ಒಂದು ಸಾಲಿನ ಕೊನೆಯಲ್ಲಿ ಸೇರಿಕೊಂಡಿದ್ದ. ಅವನ ಅಂಗಿ ಬೆನ್ನಿಗೆ ಅಂಟಿತ್ತು.

ಮಾನಸಾ ಅವನ ಹಿಂದೆ ಹೋಗಿ ಹಗ್ಗ ಹಿಡಿದಳು. ಅವನು ತಿರುಗಿ ನೋಡಲಿಲ್ಲ. ಮುಂದಿನವರು ಕೂಗು ಹಾಕಿದಾಗ ಇಬ್ಬರೂ ಒಟ್ಟಿಗೆ ಎಳೆದರು. ಒದ್ದೆ ಹಗ್ಗ ಅಂಗೈ ಸುಟ್ಟಿತು. ಅವಳು ಬಿಡಲಿಲ್ಲ. ಅವನು ತನ್ನ ಕೈಗಳನ್ನು ಹಗ್ಗದ ಮೇಲೆ ಒಂದು ಗೇಣು ಮುಂದಕ್ಕೆ ಸರಿಸಿ ಅವಳಿಗೆ ಜಾಗ ಬಿಟ್ಟ. ಮತ್ತೆ ಕೂಗು ಬಂತು, ಮತ್ತೆ ಎಳೆದರು.