ಹಿಂದಿನ ಗೋಡೆಯ ಗುಂಪು

ಯಂಕಣ್ಣನಿಗೆ ಸಿಟ್ಟು ಬರಲು ಬಹಳ ಹೊತ್ತು ಬೇಕಿರಲಿಲ್ಲ. ಈ ಸಲ ಮಾತ್ರ ಅವನು ದಿನಗಟ್ಟಲೆ ಹಲ್ಲು ಕಚ್ಚಿ ತಡೆದುಕೊಂಡಿದ್ದ.

ಕಕ್ಕೇರಾ ಕಡೆಯ ಆ ಊರಿನ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಕೋಣೆಯ ಗೋಡೆ ಬಿರುಕು ಬಿಟ್ಟಿತ್ತು. ಅದನ್ನು ಕೆಡವಿ ಕಟ್ಟುವ ಕೆಲಸ ಗೌಂಡಿ ಯಂಕಣ್ಣನಿಗೆ ಸಿಕ್ಕಿತ್ತು. ಗೋಡೆ ಎದೆಮಟ್ಟ ಏರಿದ ಮೇಲೆ ಅವನು ಹಲಗೆ ಹತ್ತಿ ನಿಂತ. ನಿಂತರೆ ಎದುರಿಗೇ ನಲಿಕಲಿ ಕೋಣೆಯ ಕಿಟಕಿ. ಕಿಟಕಿಯೊಳಗೆ ಅವನ ಮಗಳು ಪಂಚಶೀಲಾ.

ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳೆಲ್ಲ ಆ ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ನೆಲದ ಮೇಲೆ ಕೂರುತ್ತಿದ್ದರು. ಒಂದು ಗುಂಪು ಹುಣಸೆ ಬೀಜ ಎಣಿಸುತ್ತಿತ್ತು, ಇನ್ನೊಂದು ಚಿತ್ರದ ಕಾರ್ಡು ಜೋಡಿಸುತ್ತಿತ್ತು. ಇದೆಂಥ ಕಲಿಕೆಯೋ, ಮಗ್ಗಿ ಇಲ್ಲ, ಬೆತ್ತ ಇಲ್ಲ ಎಂದು ಯಂಕಣ್ಣ ಮೊದಲೇ ಗೊಣಗಿದ್ದ. ಅದು ಹಾಳಾಗಿ ಹೋಗಲಿ. ಅವನ ಕಣ್ಣಿಗೆ ಚುಚ್ಚಿದ್ದು ಬೇರೆ. ಬಸವೇಶ್ವರಿ ಟೀಚರ್ ದಿನವಿಡೀ ಬಾಗಿಲ ಹತ್ತಿರದ ಚಿಕ್ಕ ಮಕ್ಕಳ ನಡುವೆಯೇ ಕೂರುತ್ತಿದ್ದಳು. ಅವರ ಕೈ ಹಿಡಿದು ತಿದ್ದಿಸುತ್ತಿದ್ದಳು, ಮೂಗು ಒರೆಸುತ್ತಿದ್ದಳು. ಪಂಚಶೀಲಾ ಮಾತ್ರ ಎಲ್ಲರಿಂದ ದೂರ, ಹಿಂದಿನ ಗೋಡೆಗೆ, ಒಬ್ಬಳೇ. ಅವಳ ಕಡೆ ಟೀಚರ್ ಒಂದು ಸಲವೂ ಹೋದದ್ದನ್ನು ಅವನು ಕಾಣಲಿಲ್ಲ.

"ಏನ್ ಯಂಕಣ್ಣ, ಗೋಡಿ ಕಟ್ಟಾಕ ಬಂದಿಯೋ, ಕಿಡಕಿ ಕಾಯಾಕ ಬಂದಿಯೋ?" ಅಡುಗೆಯ ಜೈತುನಬೀ ಅಕ್ಕಿ ಆರಿಸುತ್ತ ಕೇಳಿದಳು.

"ನಿನ್ನ ಅಕ್ಕಿ ನೀ ನೋಡ್ಕೋ."

"ನೋಡಾಕತ್ತೀನಿ ತಗಾ. ನಿನ್ನ ಸಿಮೆಂಟಿನ ಮಾಲು ಒಣಗಾಕತ್ತದ, ಅದನ್ಯಾರು ನೋಡಬೇಕು?"

ಅವನ ಕಣ್ಣು ಕಿಟಕಿ ಬಿಡಲಿಲ್ಲ. ಅದೇ ಕೋಣೆಯಲ್ಲಿ ಅವನೂ ಓದಿದ್ದ. ಆಗಿನ ಮಾಸ್ತರ ಅವನನ್ನೂ ಅವನ ಕೇರಿಯ ಹುಡುಗರನ್ನೂ ಅದೇ ಹಿಂದಿನ ಗೋಡೆಗೆ ಕೂರಿಸುತ್ತಿದ್ದ. ಅವರ ಪಾಟಿಯನ್ನು ಕೈಯಲ್ಲಿ ಹಿಡಿಯುತ್ತಿರಲಿಲ್ಲ. ದೂರದಿಂದಲೇ ಎತ್ತಿ ತೋರಿಸು ಎನ್ನುತ್ತಿದ್ದ. ತಪ್ಪೋ ಸರಿಯೋ ಹೇಳದೆ ಮುಖ ತಿರುಗಿಸುತ್ತಿದ್ದ. ಯಂಕಣ್ಣ ಏಳನೆಯ ತರಗತಿಯವರೆಗೆ ಬಂದದ್ದು ಹಟದಿಂದ, ಮಾಸ್ತರನಿಂದಲ್ಲ. ಮಗಳು ಹುಟ್ಟಿದಾಗ ಮನೆಯ ಹಿರಿಯರು ಊರದೇವರ ಹೆಸರಿಡು ಎಂದರೂ ಕೇಳದೆ, ಬುದ್ಧನ ಮಾತು ನೆನೆದು ಪಂಚಶೀಲಾ ಎಂದು ಹೆಸರಿಟ್ಟವನು ಅವನು. ಆ ಹೆಸರಿನ ಹುಡುಗಿ ಈಗ ಅದೇ ಗೋಡೆಗೆ.

ಅವನು ಹಲಗೆಯಿಂದ ಜಿಗಿದ. ಮಾಲು ಮೆತ್ತುವ ಕರಣಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೋಣೆಯ ಬಾಗಿಲಿಗೆ ಹೋಗಿ ನಿಂತ.

"ಟೀಚರ್ರ, ನನ್ನ ಮಗಳನ್ನ ಯಾಕ ಆ ಮೂಲ್ಯಾಗ ಒಗದೀರಿ?"

ಬಸವೇಶ್ವರಿ ತಲೆ ಎತ್ತಿದಳು. ಅವಳೂ ಮೆತ್ತಗಿನ ಹೆಂಗಸಲ್ಲ. "ಒಗದಿಲ್ರಿ. ಆಕಿ ತಾನಾಗಿ ಕಲಿಯೋ ಗುಂಪಿಗೆ ಹೋಗ್ಯಾಳ. ನನ್ನ ಬಾಜೂಕ ಇರೋವು ಇನ್ನ ಏನೂ ಬರಲಾರದ ಕೂಸುಗಳು. ಅಲ್ಲಿಂದ ಒಂದೊಂದ ಗುಂಪು ದಾಟಿ ಹಿಂದಕ ಹೋಗಬೇಕು. ಕಟ್ಟಕಡೀ ಗುಂಪಿಗೆ ನನ್ನ ಸಹಾಯ ಬೇಕಾಗಿಲ್ಲ. ಅಲ್ಲಿಗೆ ಮುಟ್ಟಿದಾಕಿ ಸದ್ಯ ನಿಮ್ಮ ಮಗಳು ಒಬ್ಬಾಕಿನ."

"ಶಾಣ್ಯಾ ಇದ್ದವರನ್ನ ಹಿಂದ ಕುಂದ್ರಸೋ ಸಾಲಿ ನಾ ಎಲ್ಲೂ ಕಂಡಿಲ್ಲ."

"ನಲಿಕಲಿ ಅಂದ್ರ ಹಿಂಗ ಇರತದ್ರಿ."

"ಇದ್ರ ಇರಲಿ. ಏ ಪಂಚಶೀಲಾ, ಆ ಕಾರ್ಡ್ ಓದು, ಕೇಳತೀನಿ."

ಮಗಳು ಕಾರ್ಡು ಹಿಡಿದು ಎದ್ದು ನಿಂತಳು. ಸಿಮೆಂಟು ಮೆತ್ತಿದ ಅಪ್ಪ, ಕೈಯಲ್ಲಿ ಕರಣಿ, ಕೆಂಪಾದ ಮುಖ. ಇಡೀ ಕೋಣೆ ಅವಳನ್ನೇ ನೋಡುತ್ತಿತ್ತು. ಅವಳ ತುಟಿ ಅಲುಗಿತು, ದನಿ ಬರಲಿಲ್ಲ.

"ಕಂಡ್ರ್ಯಾ?" ಯಂಕಣ್ಣ ಟೀಚರ್ ಕಡೆ ತಿರುಗಿದ. "ಯಾರೂ ಕಲಿಸಲಾರದ ಕೂಸು ಏನ್ ಓದತದ? ಇವತ್ತಿನಿಂದ ಆಕಿ ನಿಮ್ಮ ಬಾಜೂಕ ಕುಂದ್ರಬೇಕು. ಇಲ್ಲಂದ್ರ ನಾಳಿನ ಟಿಸಿ ಕೊಡ್ರಿ, ಸುರಪುರಕ್ಕ ಹಾಕತೀನಿ."

"ನೀವು ಹೆದರಸೀರಿ ಆಕಿನ್ನ."

"ನಾ ಅಪ್ಪ ಇದ್ದೀನಿ. ಹೆದರಸತೀನಿ, ಏನರ ಮಾಡತೀನಿ."

ಮಕ್ಕಳ ಎದುರು ಇನ್ನೂ ಮಾತು ಬೆಳೆಸುವುದು ಟೀಚರಿಗೆ ಬೇಕಿರಲಿಲ್ಲ. ಪಂಚಶೀಲಾಳನ್ನು ಕರೆದು ತನ್ನ ಪಕ್ಕಕ್ಕೆ ಕೂರಿಸಿಕೊಂಡಳು. ಯಂಕಣ್ಣ ಗೆದ್ದವನ ಹಾಗೆ ಹೊರಗೆ ಬಂದ. ಅಷ್ಟರಲ್ಲಿ ಮಾಲು ಕಲ್ಲಾಗಿತ್ತು. ಅದನ್ನು ಕೆರೆದು ಎಸೆದು ಮತ್ತೆ ಕಲಸಿದ.

ಆಮೇಲೆ ಕಿಟಕಿಯೊಳಗೆ ಅವನಿಗೆ ಬೇಕಾದದ್ದೇ ಕಾಣುತ್ತಿತ್ತು. ಮಗಳು ಟೀಚರ್ ಪಕ್ಕದಲ್ಲಿ. ಆದರೆ ಮನೆಯಲ್ಲಿ ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಕರೆದರೆ ಓ ಎನ್ನುವುದಿಲ್ಲ. ತಾಟು ಮುಂದಿಟ್ಟರೆ ಗೋಡೆ ಕಡೆ ತಿರುಗಿ ಉಣ್ಣುತ್ತಾಳೆ. ಎರಡು ದಿನ ನೋಡಿದ ಯಂಕಣ್ಣನಿಗೆ ತಲೆ ಕೆಟ್ಟಿತು.

"ಏನಾಗ್ಯದ ಇದಕ್ಕ? ಟೀಚರ್ ಬೈದಾಳೇನು?"

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಮೋನಮ್ಮ ತಿರುಗಿಯೂ ನೋಡಲಿಲ್ಲ. "ಟೀಚರ್ ಯಾಕ ಬೈತಾಳ? ಬೈಯೋರು ಮನ್ಯಾಗ ಅದಾರಲ್ಲ. ಕೂಸಿನ ಬಾಯಿಂದನ ಕೇಳು. ಜೋರ್ ಮಾಡಬ್ಯಾಡ ಮತ್ತ."

ಅವನು ದನಿ ಇಳಿಸಿ ಕೇಳಿದ. ಇಳಿಸಿದರೂ ಅದು ಗದರಿದ ಹಾಗೇ ಇತ್ತು. ಪಂಚಶೀಲಾ ಅತ್ತುಬಿಟ್ಟಳು. ಅಳುತ್ತಲೇ ಜಗಳಕ್ಕೆ ನಿಂತಳು.

"ನಾ ಎಲ್ಲಾ ಗುಂಪು ದಾಟಿ ಅಲ್ಲಿಗೆ ಹೋಗಿದ್ದೆ. ನೀ ಬಂದು ಸಣ್ಣ ಹುಡುಗರ ನಡುವ ಕುಂದ್ರಿಸಿದಿ. ನಾ ಈಗ ಉಸುಕಿನ್ಯಾಗ ಗೆರಿ ತಿದ್ದೋರ ಜೋಡಿ ಕುಂದ್ರಬೇಕು. ಮೂರನೇ ಕ್ಲಾಸಿನೋರು ನಗತಾರ."

"ಟೀಚರ್ ಬಾಜೂಕ ಕುಂತ್ರ ನಗತಾರ?"

"ಹೂಂ, ನಗತಾರ. ಈಗ ಹಿಂದಿನ ಗ್ವಾಡಿಗಿ ಸಂಗಮನಾಥ ಹೋಗ್ಯಾನ. ಗೆದ್ದವನಂಗ ಕುಂದರತಾನ. ಅವಂಗ ನಾನ ಓದಾಕ ಹೇಳಿಕೊಟ್ಟೀನಿ."

ಆ ಹೆಸರು ಕೇಳಿ ಯಂಕಣ್ಣ ಲೆಕ್ಕ ಹಾಕಿದ. ಸಂಗಮನಾಥ ಅಂದರೆ ಕಿರಾಣಿ ಅಂಗಡಿ ಹಂಪಣ್ಣನ ಮೊಮ್ಮಗ. ಹಂಪಣ್ಣನ ಮೊಮ್ಮಗನನ್ನು ಊರಿನಲ್ಲಿ ಯಾರೂ ಮೂಲೆಗೆ ತಳ್ಳುವುದಿಲ್ಲ. ತಳ್ಳಿದರೆ ಹಂಪಣ್ಣ ಸುಮ್ಮನಿರುವುದಿಲ್ಲ. ಹಾಗಾದರೆ ಟೀಚರ್ ಹೇಳಿದ್ದೇ ನಿಜ. ಆ ಗೋಡೆ ಈಗ ಬೇರೆಯೇ ಗೋಡೆ. ಜಗಳಕ್ಕೆ ಮೊದಲು ಅವನಿಗೆ ಯಾರೂ ಅದನ್ನು ಹೇಳಿರಲಿಲ್ಲ. ಹೇಳಿದವಳ ಮಾತನ್ನು ಅವನು ಕೇಳಿರಲಿಲ್ಲ.

"ಟೀಚರಿಗಿ ಹೇಳಬೇಕಿತ್ತಲ್ಲ, ಹಿಂದಕ ಕಳಸ್ರಿ ಅಂತ?"

"ಅವರು ಹೋಗು ಅಂದ್ರು. ನಮ್ಮಪ್ಪ ಬೈತಾನ, ನಾ ಒಲ್ಲೆ ಅಂದೆ."

ಮರುದಿನ ಬೆಳಿಗ್ಗೆ ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಹೋಗುತ್ತಲೇ ಅವನೂ ಹೋದ. ಈ ಸಲ ಕೈ ಖಾಲಿ. ಬಸವೇಶ್ವರಿ ಟೀಚರ್ ಅವನನ್ನು ಕಂಡು ಸೆರಗು ಸಿಗಿಸಿಕೊಂಡಳು, ಜಗಳಕ್ಕೆ ತಯಾರಾಗುವವಳ ಹಾಗೆ.

"ಆಕಿನ್ನ ಎಲ್ಲಿ ಕುಂದ್ರಸಬೇಕೋ ಅಲ್ಲಿ ಕುಂದ್ರಸ್ರಿ," ಎಂದ ಯಂಕಣ್ಣ.

"ನಾ ಹೇಳೀನ್ರಿ. ಆಕಿ ಕೇಳವಲ್ಲಳು. ನೀವ ಎಬ್ಬಿಸಿ ತಂದೀರಿ, ನೀವ ಹೇಳ್ರಿ."

ಅಷ್ಟು ಸುಲಭದ ಮಾತು ಅವನ ನಾಲಿಗೆಯ ಮೇಲೆ ಬರಲೊಲ್ಲದು. ಹಿಂದಕ್ಕೆ ಹೋಗಿ ಕೂರು. ಆ ಕೋಣೆಯಲ್ಲಿ ಆ ಮಾತು ಹೇಳಿದ ಮಾಸ್ತರನನ್ನು ಅವನು ಹುಡುಗನಿದ್ದಾಗಿನಿಂದ ಮನಸ್ಸಿನಲ್ಲಿ ಬೈಯುತ್ತ ಬಂದಿದ್ದ. ಈಗ ಅದೇ ಮಾತು ತನ್ನ ಬಾಯಿಂದ, ತನ್ನ ಮಗಳಿಗೆ. ಟೀಚರ್ ಕಾಯುತ್ತಿದ್ದಳು. ಮಕ್ಕಳು ಕಾರ್ಡು ಬಿಟ್ಟು ಬಾಯಿ ತೆರೆದು ನೋಡುತ್ತಿದ್ದರು. ಪಂಚಶೀಲಾ ನೆಲ ನೋಡುತ್ತ ಕೂತಿದ್ದಳು.

"ಎದ್ದೇಳು," ಎಂದ. ದನಿ ಒರಟಾಗಿ ಬಂತು. "ಎದ್ದು ಆ ಹಿಂದಿನ ಗ್ವಾಡಿಗಿ ಹೋಗಿ ಕುಂದ್ರು. ಯಾರೂ ಬೈಯಂಗಿಲ್ಲ."

ಅವಳು ಒಮ್ಮೆ ತಲೆ ಎತ್ತಿ ಅವನನ್ನು ನೋಡಿದಳು. ನಂಬಬೇಕೋ ಬೇಡವೋ ಎಂದು ಅಳೆದಳು. ಆಮೇಲೆ ಕಾರ್ಡು, ಪಾಟಿ ಎತ್ತಿಕೊಂಡು ಹೋದಳು. ಗುಂಪುಗಳ ನಡುವಿನಿಂದ ಸರಸರ ನಡೆದು ಹಿಂದಿನ ಗೋಡೆಗೆ ಹೋಗಿ ನಿಂತಳು.

"ಅತ್ತಾಗ ಸರಿಯೋ," ಎಂದಳು ಸಂಗಮನಾಥನಿಗೆ.

ಹಂಪಣ್ಣನ ಮೊಮ್ಮಗ ಸರಿದು ಜಾಗ ಕೊಟ್ಟ. ಕೊಟ್ಟವನೇ ತನ್ನ ಕಾರ್ಡು ಅವಳ ಮುಂದೆ ಹಿಡಿದ. "ಇದು ಏನಂತ ಹೇಳು, ನಿನ್ನೆಯಿಂದ ಬರವಲ್ದು."

"ನೀನ ಓದು. ಇಲ್ಲಿ ತಾನ ಓದಬೇಕು," ಎಂದಳು ಅವಳು. ಆದರೂ ಬಗ್ಗಿ ನೋಡಿ, ಬೆರಳಿಟ್ಟು, ಗಟ್ಟಿಯಾಗಿ ಓದಿ ಹೇಳಿದಳು. ಒಮ್ಮೆಯೂ ತಡವರಿಸಲಿಲ್ಲ.

ಯಂಕಣ್ಣ ಬಾಗಿಲಲ್ಲೇ ನಿಂತಿದ್ದ. ಎದೆಯೊಳಗೆ ಸಿಟ್ಟು ಹಾಗೆಯೇ ಇತ್ತು, ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ. ಟೀಚರಿಗೆ ಬೈಯುವಂತಿಲ್ಲ. ಮಗಳಿಗೆ ಬೈಯುವಂತಿಲ್ಲ. ಬೈಯಬೇಕಾಗಿದ್ದ ಮಾಸ್ತರ ಸತ್ತು ಎಷ್ಟೋ ವರ್ಷವಾಗಿತ್ತು.

"ಇನ್ನ ಏನರ ಅದ ಏನ್ರಿ?" ಬಸವೇಶ್ವರಿ ಕೇಳಿದಳು. "ನೀವು ನಿಂತ್ರ ಇವು ಓದಂಗಿಲ್ಲ."

"ಏನಿಲ್ರಿ," ಎಂದ ಅವನು. ಅದನ್ನೂ ಜಗಳಾಡುವವನ ಹಾಗೆಯೇ ಹೇಳಿ ಹೊರಗೆ ನಡೆದ.