ಎಡಕ್ಕೆ ತಿರುಗಿದಾಗ ಮಾತ್ರ

ನಾನು ಬೂದು ಬಣ್ಣದ ಒಂದು ಸಣ್ಣ ಕಾರು. ಕಾರ್ಖಾನೆಯಿಂದ ಹೊರಬಿದ್ದ ದಿನ ನನ್ನಂಥವೇ ಇನ್ನೂ ನಲವತ್ತು ಕಾರುಗಳು ಅಂಗಳದಲ್ಲಿ ಸಾಲಾಗಿ ನಿಂತಿದ್ದವು. ನಮಗೆಲ್ಲ ಎಬಿಎಸ್ ಇತ್ತು. ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಂತರೆ ಗಾಡಿ ಜಾರುತ್ತದೆ. ಹಾಗಾಗದಂತೆ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುವ ವ್ಯವಸ್ಥೆ ಅದು. ಪ್ರತಿ ಚಕ್ರದ ಬಳಿಯೂ ಒಂದು ಸೆನ್ಸರ್ ಕೂತು, ಚಕ್ರ ತಿರುಗುತ್ತಿದೆಯೋ ನಿಂತಿದೆಯೋ ಎಂದು ನನಗೆ ಹೇಳುತ್ತಿರುತ್ತದೆ. ಅದು ಹೇಳಿದ್ದನ್ನು ನಾನು ನಂಬಬೇಕು. ಬೇರೆ ದಾರಿ ನನಗಿಲ್ಲ.

ಮೊದಲ ಆರು ವರ್ಷ ಹುಬ್ಬಳ್ಳಿಯಲ್ಲಿ ಔಷಧ ಮಾರುವವರೊಬ್ಬರ ಬಳಿ ಇದ್ದೆ. ಬಿಸಿಲು, ಧೂಳು, ಆಸ್ಪತ್ರೆಗಳ ಗೇಟು. ಆಮೇಲೆ ಅಂಕೋಲೆಯ ಬೀರಣ್ಣ ನಾಯಕರ ಮನೆಗೆ ಬಂದೆ.

ಬೀರಣ್ಣ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಿ ಬರುವುದೇ ಅವರ ಬದುಕಾಗಿತ್ತು. ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ ಬಂದು ದೃಷ್ಟಿ ಸ್ವಲ್ಪಸ್ವಲ್ಪವಾಗಿ ಹೋಯಿತು. ಈಗ ಬೆಳಕು ಯಾವ ಕಡೆ ಇದೆ ಎನ್ನುವುದಷ್ಟೇ ತಿಳಿಯುತ್ತಿತ್ತು. ಆದ್ದರಿಂದ ನನ್ನನ್ನು ಓಡಿಸುತ್ತಿದ್ದವರು ಅವರ ಹೆಂಡತಿ ಮೋಹಿನಿ. ಗಂಡನ ಬಸ್ಸು ಬರುವುದನ್ನು ಕಾಯುತ್ತ ವಯಸ್ಸು ಕಳೆದ ಆಕೆ, ಐವತ್ತನಾಲ್ಕನೇ ವರ್ಷದಲ್ಲಿ ಡ್ರೈವಿಂಗ್ ಕಲಿತಿದ್ದರು. ಬೀರಣ್ಣ ಎಡಗಡೆಯ ಸೀಟಿನಲ್ಲಿ ಕೂರುತ್ತಿದ್ದರು. ಮೋಹಿನಿ ಗೇರ್ ಬದಲಿಸುವಾಗಲೆಲ್ಲ ಅವರ ಎಡಗಾಲು ತಾನಾಗಿ ನನ್ನ ನೆಲವನ್ನು ಒತ್ತುತ್ತಿತ್ತು. ಅಲ್ಲಿ ಕ್ಲಚ್ ಇರಲಿಲ್ಲ.

"ಒಂದ್ಸಲ ಘಟ್ಟ ಹತ್ತಿಸ್ತೀಯಾ?" ಎಂದು ಅವರು ಕೇಳಿದ್ದರು.

"ಮಳೆ ಶುರುವಾಗಲಿ, ಹೋಗೋಣ. ನಿಮಗೆ ಮಳೆಯ ಘಟ್ಟವೇ ಇಷ್ಟ ಅಲ್ವಾ," ಎಂದಿದ್ದರು ಮೋಹಿನಿ.

ಮಳೆ ಶುರುವಾಯಿತು. ಒಂದು ಬೆಳಿಗ್ಗೆ ಪೇಟೆಯ ಕಡೆಗೆ ಎಡಕ್ಕೆ ತಿರುಗಿದಾಗ ಮುಂದೆ ಶಾಲೆ ಮಕ್ಕಳಿದ್ದ ಆಟೋ ನಿಂತಿತ್ತು. ಮೋಹಿನಿ ಮೆತ್ತಗೆ ಬ್ರೇಕ್ ಒತ್ತಿದರು. ಚಕ್ರ ನಿಂತುಬಿಟ್ಟಿದೆ ಎಂದು ಸೆನ್ಸರ್ ನನಗೆ ಹೇಳಿತು. ನಾನು ನಂಬಿ ಬ್ರೇಕ್ ಸಡಿಲಿಸಿದೆ. ಪೆಡಲ್ ಅವರ ಕಾಲಡಿಯಲ್ಲಿ ಗಡಗಡ ನಡುಗಿತು, ನಾನು ಮುಂದಕ್ಕೆ ಉರುಳಿದೆ. ಆಟೋಗೆ ಒಂದು ಗೇಣು ಇರುವಾಗ ನಿಂತೆ. ಆಟೋದ ಹಿಂದಿನ ಸೀಟಿನಲ್ಲಿದ್ದ ಹುಡುಗಿಯೊಬ್ಬಳು ನನ್ನನ್ನೇ ನೋಡುತ್ತಿದ್ದಳು.

ಎರಡು ಗ್ಯಾರೇಜು ತಿರುಗಿದ್ದಾಯಿತು. ಒಬ್ಬರು ಟೈರ್ ಬದಲಿಸಿದರು, ಇನ್ನೊಬ್ಬರು ಬ್ರೇಕ್ ಪ್ಯಾಡ್. ನಡುಕ ಹೋಗಲಿಲ್ಲ. "ಮಳೆಯಲ್ಲಿ ಎಬಿಎಸ್ ಹಾಗೇ ಮೇಡಂ. ನಿಮ್ಮ ಕಾಲು ಸ್ವಲ್ಪ ಗಟ್ಟಿ," ಎಂದ ಎರಡನೆಯವನು.

ಮನೆಗೆ ಬಂದು ಮೋಹಿನಿ ಕೀಲಿಯನ್ನು ಮೊಳೆಗೆ ನೇತುಹಾಕಿದರು. "ಮಾರಿಬಿಡೋಣ. ನನ್ನ ಕೈಲಿ ಆಗೋ ಕೆಲಸ ಅಲ್ಲ ಇದು."

"ನಿನ್ನ ಕಾಲು ನನಗೆ ಗೊತ್ತು, ಮೆತ್ತಗಿದೆ," ಎಂದರು ಬೀರಣ್ಣ. "ತಪ್ಪು ಗಾಡಿಯದು. ಎಲ್ಲಿ ಅಂತ ನಾನು ಹುಡುಕ್ತೇನೆ."

ಉಪ್ಪಿನ ಗದ್ದೆಗಳ ಪಕ್ಕ ಜನರಿಲ್ಲದ ಒಂದು ರಸ್ತೆಯಿತ್ತು. ಮೂರು ದಿನ, ಮಳೆ ಹನಿಯುತ್ತಿರುವಾಗ, ಅಲ್ಲಿ ನಿಧಾನವಾಗಿ ಹೋಗುವುದು, ಬ್ರೇಕ್ ಒತ್ತುವುದು, ಮತ್ತೆ ಹೋಗುವುದು. ಬೀರಣ್ಣ ಚಪ್ಪಲಿ ಕಳಚಿ ಬರಿಗಾಲನ್ನು ನನ್ನ ನೆಲಕ್ಕೆ ಊರಿ ಕೂರುತ್ತಿದ್ದರು. ಅಷ್ಟು ಗಮನವಿಟ್ಟು ನನ್ನನ್ನು ಯಾರೂ ಕೇಳಿರಲಿಲ್ಲ.

ನಾಲ್ಕನೇ ದಿನ ಯೂನುಸ್ ಎಂಬ ಮೆಕ್ಯಾನಿಕ್‌ನ ಬಳಿ ಹೋದೆವು. "ಎಡಕ್ಕೆ ತಿರುಗಿದಾಗ ಮಾತ್ರ," ಎಂದರು ಬೀರಣ್ಣ. "ಅದೂ ಗುಂಡಿಯ ನೀರು ಹಾರಿದ ಮೇಲೆ. ಬಲಕ್ಕೆ ಹೋದಾಗ ಒಂದು ಸಲವೂ ಇಲ್ಲ. ನಡುಕ ಬರೋದು ನನ್ನ ಕಾಲಿನ ಮುಂದಿನ ಚಕ್ರದಿಂದ."

ಯೂನುಸ್ ಆ ಚಕ್ರ ಬಿಚ್ಚಿದ. ಸೆನ್ಸರಿನ ವೈರಿನ ಮೇಲ್ಪದರ ಒಂದು ಕಡೆ ಸವೆದು ಸೀಳಿತ್ತು. ಚಕ್ರ ಎಡಕ್ಕೆ ಹೊರಳಿದಾಗ ಆ ಸೀಳು ಬಾಯಿಬಿಡುತ್ತಿತ್ತು, ನೀರು ಒಳಗೆ ಹೋಗಿ, ತಿರುಗುತ್ತಿದ್ದ ಚಕ್ರವನ್ನೂ ನಿಂತಿದೆ ಎಂದು ಸೆನ್ಸರ್ ಹೇಳುತ್ತಿತ್ತು.

"ನೋಡಕ್ಕಾ, ತಪ್ಪು ಒಂದು ಕ್ಷಣ ಬಂದು ಹೋಗ್ತಿತ್ತು. ಅದಕ್ಕೇ ಸ್ಟೀರಿಂಗ್ ಮುಂದಿನ ಎಚ್ಚರಿಕೆ ದೀಪ ಹತ್ತಲಿಲ್ಲ," ಎಂದು ಯೂನುಸ್ ಮೋಹಿನಿಗೆ ಸೀಳನ್ನು ತೋರಿಸಿದ. "ನಿಮ್ಮ ಕಾಲಿಂದೇನೂ ಇಲ್ಲ."

ಮೋಹಿನಿ ಅದನ್ನು ಬೆರಳಿನಿಂದ ಮುಟ್ಟಿ ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು.

ಹೊಸ ಸೆನ್ಸರ್ ಹಾಕಿ, ಗ್ಯಾರೇಜಿನ ಹಿಂದಿನ ಅಂಗಳಕ್ಕೆ ಯೂನುಸ್ ಪೈಪಿನಿಂದ ನೀರು ಬಿಟ್ಟ. ದೊಡ್ಡ ಅಂಗಳ, ಸುತ್ತ ಯಾರೂ ಇರಲಿಲ್ಲ. "ನಾಯಕರೇ, ಕಂಡುಹಿಡಿದವರು ನೀವು. ಸರಿಯಾಗಿದೆಯಾ ಅಂತ ನೀವೇ ಒತ್ತಿ ಹೇಳಿ. ನಾನು ಪಕ್ಕದಲ್ಲೇ ಕೂತು ಹ್ಯಾಂಡ್‌ಬ್ರೇಕ್ ಹಿಡೀತೇನೆ."

ಬೀರಣ್ಣ ನನ್ನ ಬಲಗಡೆಗೆ ಬಂದು ಕೂತರು. ಎರಡೂ ಕೈಯಿಂದ ಸ್ಟೀರಿಂಗನ್ನು ತಡವಿದರು. ಕ್ಲಚ್ ಬಿಟ್ಟ ರೀತಿಗೆ ನಾನು ಹೊರಟದ್ದೇ ತಿಳಿಯಲಿಲ್ಲ. ಮೂವತ್ತು ಹೆಜ್ಜೆ ಹೋಗಿ, ಎಡಕ್ಕೆ ತಿರುಗಿಸಿ ಬ್ರೇಕ್ ಒತ್ತಿದರು. ನಡುಕವಿಲ್ಲದೆ ನಿಂತೆ.

"ಸರಿಯಾಗಿದೆ," ಎಂದರು. ಆದರೆ ಇಳಿಯಲಿಲ್ಲ. ಇಂಜಿನ್ ನಡೆಯುತ್ತಿತ್ತು. ಯೂನುಸ್ ಅವಸರ ಮಾಡಲಿಲ್ಲ, ಮೋಹಿನಿಯೂ ಕರೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ಇಂಜಿನ್ ಆರಿಸಿ, "ಬಾ, ನೀನು ಕೂತ್ಕೋ," ಎಂದು ಮೋಹಿನಿಯನ್ನು ಕರೆದರು.

ಆ ವಾರವೇ ಅರಬೈಲ್ ಘಟ್ಟ ಹತ್ತಿದೆವು. ಮಳೆ ಜೋರಾಗಿತ್ತು. "ಈಗ ಎರಡನೇ ಗೇರು. ಈ ತಿರುವು ಮುಗಿದ ಕೂಡಲೇ ಇನ್ನೊಂದು ಬರ್ತದೆ," ಎಂದು ಬೀರಣ್ಣ ಮೊದಲೇ ಹೇಳುತ್ತಿದ್ದರು. ಒಂದೂ ತಪ್ಪಲಿಲ್ಲ. ಮೇಲೆ ತಲುಪಿದಾಗ ಕಿಟಕಿಯಿಂದ ಕೈ ಹೊರಗೆ ಚಾಚಿ ಕೂತರು. ಕೆಳಗಿನಿಂದ ಬಸ್ಸೊಂದು ಏದುಸಿರು ಬಿಡುತ್ತ ಏರಿ ಬರುತ್ತಿತ್ತು. ಅದು ನಮ್ಮನ್ನು ದಾಟಿ, ಸದ್ದು ಪೂರ್ತಿ ಅಡಗುವವರೆಗೂ ಅವರು ಮುಖವನ್ನು ಅದರ ಕಡೆಗೇ ತಿರುಗಿಸಿದ್ದರು.

ಇನ್ನೂ ಎರಡು ಮಳೆಗಾಲ ನಾವು ಹೋಗಿ ಬಂದೆವು. ಮೂರನೆಯದಕ್ಕೆ ಬೀರಣ್ಣ ಇರಲಿಲ್ಲ. ವಯಸ್ಸಾಗಿ ನನ್ನ ಇಂಜಿನ್ ಕೈಕೊಟ್ಟಾಗ ಮೋಹಿನಿ ನನ್ನನ್ನು ಕಾರವಾರದ ಒಂದು ಮೆಕ್ಯಾನಿಕ್ ತರಬೇತಿ ಶಾಲೆಗೆ ಕೊಟ್ಟರು. ಶೆಡ್ಡಿನ ಮೂಲೆಯಲ್ಲಿ ಇಟ್ಟಿಗೆಗಳ ಮೇಲೆ ನಿಂತಿದ್ದೇನೆ. ಕಲಿಯುವವರು ನನ್ನ ಚಕ್ರ ಬಿಚ್ಚುತ್ತಾರೆ, ಸೆನ್ಸರ್ ತೆಗೆದು ನೋಡುತ್ತಾರೆ, ಮತ್ತೆ ಕೂರಿಸುತ್ತಾರೆ. ಅದರಲ್ಲಿ ನನಗೆ ಬೇಸರವಿಲ್ಲ.

ನನ್ನನ್ನು ಒಪ್ಪಿಸಿದ ದಿನ ಮೋಹಿನಿ ಕೀಲಿ ಕೊಟ್ಟು, ಗೇಟಿನವರೆಗೆ ಹೋಗಿ, ತಿರುಗಿ ಬಂದರು. ಎಡಗಡೆಯ ಬಾಗಿಲು ತೆರೆದು ಒಳಗೆ ಕೂತರು. ಅಷ್ಟು ವರ್ಷಗಳಲ್ಲಿ ಆಕೆ ಆ ಸೀಟಿನಲ್ಲಿ ಕೂತದ್ದೇ ಇಲ್ಲ. ಬಾಗಿಲು ಎಳೆದುಕೊಂಡು, ಕೈಚೀಲವನ್ನು ಮಡಿಲಲ್ಲಿಟ್ಟು, ಯಾರೋ ಬಂದು ಗಾಡಿ ಹೊರಡಿಸುತ್ತಾರೆ ಎನ್ನುವಂತೆ ಮುಂದಕ್ಕೆ ನೋಡುತ್ತ ಕೂತಿದ್ದರು. ಆ ಹೊತ್ತು ನನ್ನ ಬಲಗಡೆಯ ಸೀಟು ಖಾಲಿಯಿತ್ತು. ಅಲ್ಲಿ ಬೀರಣ್ಣ ಬಂದು ಕೂತಿದ್ದರೆ, ಸತ್ತ ಇಂಜಿನ್ನಿನಲ್ಲೂ ನಾನು ಹೊರಟುಬಿಡುತ್ತಿದ್ದೆ.